ಹಾಸುಗಲ್ಲಿನ ಮೇಲೊಂದು ಕಾಲು

ಮೂಕಾಂಬುವಿನ ಬಲಪಾದದಲ್ಲಿ ನೋವಿರಲಿಲ್ಲ. ಹಲವು ವರ್ಷಗಳ ಸಕ್ಕರೆ ಕಾಯಿಲೆ ಅದನ್ನು ತಿಂದುಹಾಕಿತ್ತು. ಸುಟ್ಟರೂ ಚುಚ್ಚಿದರೂ ಆ ಪಾದಕ್ಕೆ ತಿಳಿಯುತ್ತಿರಲಿಲ್ಲ. ದಕ್ಕೆಗೆ ದೋಣಿ ಬಂದಾಗ ಬರಿಗಾಲಿನಲ್ಲೇ ಐಸು ನೀರಿನೊಳಗೆ ನಿಂತು ಬುಟ್ಟಿ ತುಂಬಿಸಿಕೊಳ್ಳುವ ಹೆಂಗಸು ಅವಳು. ಚಪ್ಪಲಿ ಹಾಕಿದರೆ ಜಾರುತ್ತದೆ ಎನ್ನುವುದು ಅವಳ ವಾದ. ಒಂದು ದಿನ ತೊರಕೆ ಮೀನಿನ ಮುಳ್ಳು ಹೆಬ್ಬೆರಳ ಬುಡದಲ್ಲಿ ಹೊಕ್ಕಿತು. ಅದನ್ನು ಕಾಲಲ್ಲಿಟ್ಟುಕೊಂಡೇ ಮಾರ್ಕೆಟ್ಟಿಗೆ ಹೋದಳು, ಬಂಗುಡೆ ಮಾರಿದಳು, ಮನೆಗೆ ಬಂದು ಅನ್ನ ಬಸಿದಳು. ನೆಲದ ಮೇಲಿನ ಕೆಂಪು ಗುರುತುಗಳನ್ನು ಮೊದಲು ಕಂಡವಳು ಜೊತೆಯಲ್ಲೇ ಇದ್ದು ತಾನೂ ಮೀನು ಮಾರುತ್ತಿದ್ದ ನಾದಿನಿ ಸುಗಂಧಿ.

"ಅತ್ತಿಗೆ, ಕುಂಕುಮ ಚೆಲ್ಲಿದ್ರ್ಯಾ?"

"ನಿನ್ನ ಅಣ್ಣ ಹೋದ್ಮೇಲೆ ಈ ಮನೆಗೆ ಕುಂಕುಮ ಎಲ್ಲಿಂದ ಬಂತೆ ಹೆಣ್ಣೆ?"

ಮುಳ್ಳು ತೆಗೆದು ಅರಿಶಿನ ಮೆತ್ತಿದರು. ವಾರ ಕಳೆಯುವುದರೊಳಗೆ ಹೆಬ್ಬೆರಳೂ ಅದರ ಪಕ್ಕದ್ದೂ ಕಪ್ಪಾದವು. ಅಂಗಾಲಿನಲ್ಲಿ ಹುಣ್ಣು ಬಾಯಿ ತೆರೆಯಿತು. ಮಾರ್ಕೆಟ್ಟಿನಲ್ಲಿ ಪಕ್ಕ ಕೂರುವವರು ಬುಟ್ಟಿ ದೂರ ಸರಿಸಿಕೊಂಡರು. ಮೀನು ಮಾರುವವರಿಗೇ ತಡೆಯಲಾಗದ ವಾಸನೆ ಅದು.

ಹಿಂದಿನ ಕಾಲದಲ್ಲಿ ಇಂಥ ಹುಣ್ಣಿಗೆ ಮಾತ್ರೆ, ಇಂಜೆಕ್ಷನ್ ಇದ್ದವು. ಈಗಲೂ ಅಂಗಡಿಯಲ್ಲಿ ಇದ್ದವು, ಕೆಲಸ ಮಾಡುತ್ತಿರಲಿಲ್ಲ. ಶೀತಕ್ಕೆ, ಕೋಳಿಗೆ, ಸಿಗಡಿ ಕೆರೆಗೆ ಎಲ್ಲದಕ್ಕೂ ಅವೇ ಔಷಧಿಗಳನ್ನು ಸುರಿದು ಸುರಿದು ರೋಗಾಣುಗಳು ಅವಕ್ಕೆ ಒಗ್ಗಿಹೋಗಿದ್ದವು. ಕೊಳೆತ ಕಾಲಿಗೆ ಗರಗಸವೊಂದೇ ದಾರಿ. ಕರಾವಳಿಯ ಬಸ್ಸುಗಳಲ್ಲಿ ಮುಂದಿನ ಸಾಲಿನ ಮೇಲೆ 'ಕಾಲಿಲ್ಲದವರಿಗೆ' ಎಂದು ಬರೆದಿದ್ದರು. ಅದು ಸಾಲದೆ ಎರಡನೆಯ ಸಾಲಿನ ಮೇಲೂ ಬರೆದರು. ರಬ್ಬರ್ ಕಾಲು ಸರ್ಕಾರವೇ ಕೊಡುತ್ತಿತ್ತು. ಆದರೆ ಅದನ್ನು ಹಾಕಿಕೊಂಡು ದಕ್ಕೆಯ ಒದ್ದೆ ನೆಲದಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕಾಲು ಹೋದ ಹೆಂಗಸರು ಮನೆಯಲ್ಲಿ ಕುಳಿತು ಬೇರೆಯವರ ಸಿಗಡಿ ಸುಲಿಯುತ್ತಿದ್ದರು. ಮೂಕಾಂಬು ಸಾಯಲು ಅಷ್ಟಾಗಿ ಹೆದರಿರಲಿಲ್ಲ. ಸಿಗಡಿ ಸುಲಿಯುತ್ತಾ ಕೂರಲು ಹೆದರಿದ್ದಳು.

ಆಸ್ಪತ್ರೆಯ ಸರ್ಜನ್ ವಿಲ್ಫ್ರೆಡ್ ಲೋಬೋ ಪಾದವನ್ನು ತಿರುಗಿಸಿ ನೋಡಿ, ಕೈಗವಸು ಬಿಚ್ಚಿ ಎಸೆದರು.

"ಬೆರಳು ಎರಡು ಹೋಗಿಯೇ ಹೋಗ್ತದೆ, ಅದರ ಆಸೆ ಬಿಡಿ. ಉಳಿದ ಕಾಲಿನ ಮಾತು. ಇವತ್ತೇ ಮೊಣಕಾಲಿನ ಕೆಳಗೆ ತೆಗೀಬಹುದು. ಇಲ್ಲದಿದ್ರೆ ನಫೀಸಾ ಅವರ ಅಂಟುತಟ್ಟೆ ಇದೆ. ಕೆಲವರಿಗೆ ಆಗಿದೆ, ಕೆಲವರಿಗೆ ಆಗಲಿಲ್ಲ."

"ತಟ್ಟೆ ಕೊಡಿ," ಎಂದಳು ಮೂಕಾಂಬು. "ಕಾಲ್ ತೆಗುಕ್ ಯಾವಾಗ್ ಬೇಕಾರೂ ಬಪ್ಪುಕಾತ್ತ್."

*

ಅಂಟುತಟ್ಟೆಯ ಹಿಂದೆ ಇದ್ದದ್ದು ಒಂದು ರೂಪಾಯಿ ನಾಣ್ಯದಷ್ಟು ಅಗಲದ ಗಿಡ. ಬೈಂದೂರಿನ ಆಚೆ, ಗುಡ್ಡದ ನೆತ್ತಿಯಲ್ಲಿ ಕೆಂಪುಕಲ್ಲಿನ ಬಯಲೊಂದಿದೆ. ಊರವರು ಅದನ್ನು ಹಾಸುಗಲ್ಲು ಎಂದು ಕರೆಯುತ್ತಾರೆ. ಮಣ್ಣು ಎಂದರೆ ಕಲ್ಲಿನ ಗುಳಿಗಳಲ್ಲಿ ನಿಂತ ಬೆರಳುದ್ದದ ಕೆಸರು, ಅಷ್ಟೆ. ಮಳೆಗಾಲದಲ್ಲಿ ನೀರು ಆ ಮಣ್ಣಿನ ಸತ್ವವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ಸಾರಜನಕವೇ ಇಲ್ಲದ ಆ ನೆಲದಲ್ಲಿ ಬದುಕಬೇಕಾದ ಗಿಡ ಹುಳ ಹಿಡಿಯಲು ಕಲಿತಿದೆ. ಹೆಸರು ಡ್ರಾಸೆರಾ. ಎಲೆಗಳು ನೆಲಕ್ಕೆ ಅಂಟಿಕೊಂಡು ವೃತ್ತಾಕಾರವಾಗಿ ಹರಡಿರುತ್ತವೆ. ಪ್ರತಿ ಎಲೆಯ ಮೇಲೂ ಕೆಂಪು ಕೂದಲುಗಳು, ಪ್ರತಿ ಕೂದಲ ತುದಿಯಲ್ಲೂ ಒಂದು ಹನಿ ಅಂಟು. ಇರುವೆ ಸಿಕ್ಕಿಕೊಂಡು ಒದ್ದಾಡಿದರೆ ಕೂದಲುಗಳು ಬಾಗಿ ಅದನ್ನು ಒತ್ತಿ ಹಿಡಿಯುತ್ತವೆ. ಆಮೇಲೆ ಎಲೆ ಒಂದು ರಸ ಬಿಡುತ್ತದೆ, ಇರುವೆಯ ಮಾಂಸ ಕರಗುತ್ತದೆ, ಗಿಡ ಅದನ್ನು ಹೀರಿಕೊಳ್ಳುತ್ತದೆ. ಅದೇ ನೆಲದಲ್ಲಿ ಇನ್ನೊಂದು ಜಾತಿ ಇದೆ, ನೇರಳೆ ಹೂವಿನದು. ಅದರ ಬೇರಿನ ಜಾಗದಲ್ಲಿ ಸಾಸಿವೆಯಂಥ ಗುಳ್ಳೆಗಳು; ನೀರಿನ ಹುಳಗಳನ್ನು ಒಳಗೆಳೆದುಕೊಳ್ಳುತ್ತವೆ. ಅಕ್ಟೋಬರಿನಲ್ಲಿ ಬಯಲೆಲ್ಲ ಆ ನೇರಳೆ. ನೋಡಲು ಬಂದವರು ಚಂದದ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಕಾಲಡಿಯಲ್ಲಿ ಇಡೀ ಬಯಲು ಬೇಟೆಯಾಡುತ್ತಿರುತ್ತದೆ.

ಭಟ್ಕಳದ ಸಸ್ಯವಿಜ್ಞಾನಿ ನಫೀಸಾ ಗಮನಿಸಿದ್ದು ಒಂದೇ ಸಂಗತಿ. ಅಲುಗಾಡದೆ ಬಿದ್ದದ್ದರ ಮೇಲೆ ಡ್ರಾಸೆರಾದ ಕೂದಲು ಬಾಗುವುದು ಕರಗುತ್ತಿರುವ ಮಾಂಸದಿಂದ ಸೋರುವ ಸಾರಜನಕದ ರುಚಿಗೆ. ಜೀವಂತ ಮಾಂಸ ಏನನ್ನೂ ಸೋರಗೊಡುವುದಿಲ್ಲ. ಆದ್ದರಿಂದ ಗಿಡ ಕೊಳೆತದ್ದನ್ನು ತಿನ್ನುತ್ತದೆ, ಜೀವವಿರುವುದನ್ನು ಬಿಡುತ್ತದೆ. ಎಷ್ಟೇ ನುರಿತ ಸರ್ಜನ್ನಿನ ಚಾಕುವಿಗೂ ಇಷ್ಟು ಸೂಕ್ಷ್ಮವಾಗಿ ಸತ್ತದ್ದು ಯಾವುದು, ಬದುಕಿದ್ದು ಯಾವುದು ಎಂದು ಗೊತ್ತಾಗುವುದಿಲ್ಲ. ರೋಗಾಣುಗಳು ಔಷಧಿಗೆ ಒಗ್ಗಬಹುದು, ಆದರೆ ತಾವು ಕೂತ ಮಾಂಸದ ಜೊತೆಗೆ ತಾವೂ ಕರಗಿಹೋಗುವುದಕ್ಕೆ ಒಗ್ಗಲಾರವು.

ಅವಳು ಬಯಲಿನ ಅಂಚಿನಲ್ಲಿ ಪ್ರಯೋಗಾಲಯ ಕಟ್ಟಿಸಿದಳು. ಗಾಜಿನ ಸೀಸೆಗಳಲ್ಲಿ ಮರಿ ಗಿಡ ಬೆಳೆಸಿ, ಪಾಚಿ ತುಂಬಿದ ಸ್ಟೀಲ್ ತಟ್ಟೆಗಳಲ್ಲಿ ಒತ್ತಾಗಿ ನೆಟ್ಟಳು. ರೋಗಿಗೆ ಎರಡು ತಟ್ಟೆ. ಒಂದನ್ನು ಬೆಳಿಗ್ಗೆ ಕವುಚಿ ಹುಣ್ಣಿಗೆ ಕಟ್ಟಬೇಕು, ಇನ್ನೊಂದು ಬಿಸಿಲಲ್ಲಿ ಸುಧಾರಿಸಿಕೊಳ್ಳಬೇಕು. ಮರುದಿನ ಅದಲು ಬದಲು. ಮಳೆನೀರು ಬಿಟ್ಟರೆ ಬೇರೆ ನೀರು ಕೂಡದು. ಇಷ್ಟನ್ನೂ ಅವಳು ಪ್ರತಿ ಮನೆಗೆ ಹೋಗಿ ಹೇಳಿಕೊಡುತ್ತಿದ್ದಳು.

ಹಾಸುಗಲ್ಲಿನ ಒಂದು ಗಿಡವನ್ನೂ ಅವಳು ಕೀಳಗೊಡುತ್ತಿರಲಿಲ್ಲ. ಸುತ್ತಲಿನ ಅಂಥ ಬಯಲುಗಳನ್ನೆಲ್ಲ ಕಲ್ಲಿಗಾಗಿ ಕೊರೆದು ಮುಗಿಸಿದ್ದರು. ಉಳಿದದ್ದು ಇದೊಂದೇ. ಇಲ್ಲಿ ಕ್ರಿಕೆಟ್ ಆಡುವವರು ಗೆರೆ ಎಳೆಯಲು ಸುಣ್ಣ ಸುರಿಯುತ್ತಿದ್ದರು, ಸುಣ್ಣ ಬಿದ್ದಲ್ಲಿ ಗಿಡ ಏಳುತ್ತಿರಲಿಲ್ಲ. ಅವರನ್ನು ಓಡಿಸಿ ಊರಿನವರ ಬೈಗುಳ ತಿಂದಿದ್ದಳು.

*

ಮೂಕಾಂಬುವಿನ ಮನೆಯಲ್ಲಿ ತಟ್ಟೆಗಳಿಗೆ ಬಾವಿಕಟ್ಟೆಯ ಪಕ್ಕ ಜಾಗವಾಯಿತು. ಕೋಳಿ ಬರದಂತೆ ಸುಗಂಧಿ ಹಳೆಯ ಬಲೆ ಮುಚ್ಚಿದಳು. ಮೊದಲ ಸಲ ಕಟ್ಟು ಬಿಚ್ಚಿದಾಗ ಅತ್ತಿಗೆ ನಾದಿನಿ ಇಬ್ಬರೂ ಬಗ್ಗಿ ನೋಡಿದರು. ಹುಣ್ಣಿನ ಅಂಚಿನ ಕಪ್ಪು ಒಂದು ಸುತ್ತು ತೆಳುವಾಗಿತ್ತು. ಎಲೆಗಳ ಮೇಲೆ ಬೂದು ಬಣ್ಣದ ಲೋಳೆ ಅಂಟಿತ್ತು.

"ನಾನ್ ಇಷ್ಟ್ ವರ್ಷ ಮೀನ್ ತಿಂದೆ. ಈಗ ಗಿಡ ನನ್ನ ತಿಂತಿತ್ತ್," ಎಂದಳು ಮೂಕಾಂಬು.

"ತಿನ್ನಲಿ ಬಿಡಿ. ನಿಮ್ಮ ನಾಲಿಗೆ ಒಂದ್ ತಿನ್ನೂದಿಲ್ಲ ಅಲ್ದಾ ಅದ್."

ಎರಡು ವಾರ ಎಲ್ಲ ಸರಿಯಾಗಿಯೇ ನಡೆಯಿತು. ವಾಸನೆ ನಿಂತಿತು. ಅಂಗಾಲಿನ ಒಂದು ಬದಿಯಲ್ಲಿ ಗುಲಾಬಿ ಬಣ್ಣ ಕಂಡಿತು. ಮೂಕಾಂಬು ಮಂಚದ ಮೇಲೆ ಕುಳಿತೇ ಫೋನಿನಲ್ಲಿ ಬಂಗುಡೆ ರೇಟು ವಿಚಾರಿಸಲು ಶುರುಮಾಡಿದಳು.

ಸುಗಂಧಿಗೆ ಮಾತ್ರ ಆ ಗಿಡಗಳನ್ನು ನೋಡಿದರೆ ಸಂಕಟವಾಗುತ್ತಿತ್ತು. ಅಬ್ಬಲಿಗೆ, ಬಸಳೆ, ಕರಿಬೇವು ಎಲ್ಲವನ್ನೂ ಅವಳು ಬೆಳೆಸಿದವಳು. ಅವಳ ಕಣ್ಣಿಗೆ ಗಿಡವೆಂದರೆ ಹಸಿರಾಗಿರಬೇಕು. ಇವು ನೋಡಿದರೆ ಕೆಂಪಗೆ, ಗಿಡ್ಡಕ್ಕೆ, ಒಣಕಲು. ದಿನಾ ಅತ್ತಿಗೆಯ ಕಾಲಿಗೆ ದುಡಿಯುವ ಗಿಡಕ್ಕೆ ಬರೀ ಮಳೆನೀರು ಕೊಡುವುದು ಯಾವ ನ್ಯಾಯ? ಆ ಕರಾವಳಿಯಲ್ಲಿ ಮೀನು ತೊಳೆದ ನೀರನ್ನು ಯಾರೂ ಚರಂಡಿಗೆ ಚೆಲ್ಲುವುದಿಲ್ಲ. ರಕ್ತ, ಲೋಳೆ, ಹೊಟ್ಟೆಯ ಕಸ ಬೆರೆತ ಆ ನೀರು ತೆಂಗಿನ ಬುಡಕ್ಕೋ ಮಲ್ಲಿಗೆಯ ಬುಡಕ್ಕೋ ಹೋಗುತ್ತದೆ. ಸುಗಂಧಿ ಅದನ್ನು ಬಟ್ಟೆಯಲ್ಲಿ ಸೋಸಿ, ಮಳೆನೀರು ಬೆರೆಸಿ, ತಟ್ಟೆಯ ಪಾಚಿಗೆ ಸ್ವಲ್ಪ ಸ್ವಲ್ಪ ಹಾಕಿದಳು. ನಫೀಸಾ ಬೋರ್‌ವೆಲ್ ನೀರು ಬೇಡ ಎಂದಿದ್ದಳು, ನಲ್ಲಿ ನೀರು ಬೇಡ ಎಂದಿದ್ದಳು. ಮೀನು ತೊಳೆದ ನೀರು ಬೇಡ ಎಂದಿರಲಿಲ್ಲ. ಅದು ನೀರಲ್ಲ, ಗಿಡದ ಊಟ.

ಗಿಡಗಳು ಅಂದುಕೊಂಡದ್ದಕ್ಕಿಂತ ಬೇಗ ಚೇತರಿಸಿಕೊಂಡವು. ಎಲೆ ಅಗಲವಾದವು. ಕೆಂಪು ಹೋಗಿ ಹಸಿರು ಬಂತು. ಸುಗಂಧಿ ಹಿಗ್ಗಿ ಫೋಟೋ ತೆಗೆದು ನಫೀಸಾಳಿಗೆ ಕಳಿಸಿದಳು. "ಕಾಣಿ ಮೇಡಂ, ನಮ್ಮನೆ ಗಿಡ ನಿಮ್ಮನೆ ಗಿಡಕ್ಕಿಂತ ಲಾಯ್ಕ್ ಇತ್ತ್" ಎಂದು ತನ್ನ ದನಿಯಲ್ಲಿ ಹೇಳಿದ್ದನ್ನೂ ಜೊತೆಗೆ ಕಳಿಸಿದಳು.

*

ಪ್ರಯೋಗಾಲಯದಲ್ಲಿ ನಫೀಸಾ ಆ ಫೋಟೋವನ್ನು ದೊಡ್ಡದು ಮಾಡಿದಳು. ಎಲೆಯ ಮೇಲೆ ಕೂದಲುಗಳಿದ್ದವು, ತುದಿಯಲ್ಲಿ ಹನಿ ಇರಲಿಲ್ಲ. ಕೂಡಲೇ ಸುಗಂಧಿಗೆ ಫೋನ್ ಮಾಡಿದಳು.

"ಸುಗಂಧಕ್ಕ, ತಟ್ಟೆಗೆ ಏನು ಹಾಕಿದ್ದೀರಿ?"

"ಎಂತ ಇಲ್ಲೆ ಮೇಡಂ. ಮಳೆನೀರೇ. ಮತ್ತೆ ಚೂರ್ ಮೀನ್ ತೊಳ್ದ ನೀರ್. ಪಾಪ, ಹಸ್ಕಂಡ್ ಇದ್ದಿತ್ತಲೆ."

ನಫೀಸಾ ಎಷ್ಟೊಂದು ಮನೆಗಳಿಗೆ ಹೋಗಿ ಏನೆಲ್ಲ ಹೇಳಿದ್ದಳು. ಬಿಸಿಲು, ನೀರು, ಕೋಳಿ, ಇರುವೆ. ಹಸಿವಿನ ಮಾತು ಮಾತ್ರ ಹೇಳಿರಲಿಲ್ಲ. ಅವಳ ಪಾಲಿಗೆ ಅದು ಹೇಳಬೇಕಾದ ಸಂಗತಿಯೇ ಆಗಿರಲಿಲ್ಲ. ಗಿಡ ಹುಳ ತಿನ್ನುವುದು ಬೇರಿಗೆ ಏನೂ ಸಿಗದ ಕಾರಣಕ್ಕೆ. ಬೇರಿಗೆ ಸಿಕ್ಕಿದರೆ ಅದು ಅಂಟು ಮಾಡುವ ಶ್ರಮವನ್ನೇ ಬಿಡುತ್ತದೆ, ರಸ ಬಿಡುವುದನ್ನು ನಿಲ್ಲಿಸುತ್ತದೆ. ಹೊಟ್ಟೆ ತುಂಬಿದ ಡ್ರಾಸೆರಾ ಬರೀ ಒಂದು ಸೊಪ್ಪು.

"ಹುಣ್ಣು ಹೇಗಿದೆ?"

"ಅದೇ ಹೇಳುಕ್ ಇದ್ದೆ. ನಿನ್ನೆಯಿಂದ ಮತ್ತೆ ವಾಸ್ನೆ. ಮೊಣಕಾಲ್ ಕೆಳಗೆ ಒಂದ್ ಕೆಂಪ್ ಗೆರೆ ಬಂದಿತ್ತ್."

ಮಧ್ಯಾಹ್ನದ ಹೊತ್ತಿಗೆ ಮೂಕಾಂಬು ಆಸ್ಪತ್ರೆಯ ಮಂಚದ ಮೇಲಿದ್ದಳು. ಮೈ ಸುಡುತ್ತಿತ್ತು. ಲೋಬೋ ಕೆಂಪು ಗೆರೆಯ ತುದಿಗೆ ಪೆನ್ನಿನಿಂದ ಗುರುತು ಮಾಡಿದರು.

"ನಾಳೆ ತೆಗೀಬೇಕು. ಈ ನಂಜು ಮೇಲೆ ಹೋದ್ರೆ ಮೊಣಕಾಲೂ ಉಳಿಯೂದಿಲ್ಲ. ನಫೀಸಾ, ನಿನ್ನ ಹತ್ರ ಬೇರೆ ತಟ್ಟೆ ಇದೆಯಾ?"

"ಇದ್ದದ್ದೆಲ್ಲ ರೋಗಿಗಳ ಮನೆಯಲ್ಲಿದೆ ಡಾಕ್ಟ್ರೇ. ಅವರ ಕಾಲಿಂದ ಬಿಚ್ಚಿ ತರೋದಕ್ಕಾಗ್ತದಾ? ಗಾಜಿನ ಸೀಸೆಯಲ್ಲಿರೋವು ಮರಿಗಳು. ಅವಕ್ಕೆ ನಾವು ಗೊಬ್ಬರದ ಜೆಲ್ಲಿ ಹಾಕಿದ್ದೇವೆ. ತೊಳೆದು, ಉಪವಾಸ ಕೆಡವಿ, ಅಂಟು ಬರುವಾಗ ತಿಂಗಳಾಗ್ತದೆ."

"ಮತ್ತೆ ಮೇಲೆ ಬಯಲಲ್ಲಿ ಇದೆಯಲ್ಲ, ರಾಶಿ? ಕಿತ್ಕೊಂಡು ಬಾ."

"ಕಿತ್ತ ಗಿಡ ಹೆದರ್ತದೆ. ಬೇರು ಅಲುಗಿದ್ರೆ ಒಂದು ವಾರ ಹನಿ ಬಿಡೂದಿಲ್ಲ."

ಸುಗಂಧಿ ಬಾಗಿಲ ಬಳಿ ನಿಂತಿದ್ದಳು. "ನಾನೇ ಹಾಕ್ದದ್. ಬೈಯುದಾರೆ ನಂಗ್ ಬೈಯಿನಿ," ಎಂದಳು. ಯಾರೂ ಬೈಯಲಿಲ್ಲ. ಅದು ಅವಳಿಗೆ ಇನ್ನೂ ಕಷ್ಟವಾಯಿತು.

ನಫೀಸಾ ಕಿಟಕಿಯ ಕಡೆ ನೋಡುತ್ತಾ ನಿಂತಿದ್ದಳು. ಆಮೇಲೆ ತಿರುಗಿದಳು.

"ಗಿಡವನ್ನು ಕಾಲಿನ ಹತ್ರ ತರೋದಕ್ಕೆ ಆಗೂದಿಲ್ಲ. ಕಾಲನ್ನು ಗಿಡದ ಹತ್ರ ಕೊಂಡುಹೋಗಬಹುದು."

ಲೋಬೋ ನಕ್ಕರು. ಅವಳು ನಗಲಿಲ್ಲ ಎಂದು ಗೊತ್ತಾದ ಮೇಲೆ ಸಿಟ್ಟಾದರು.

"ಹುಣ್ಣಿನ ಕಾಲು ಮಣ್ಣಿಗೆ ತಾಗಿಸಬೇಡಿ ಅಂತ ನಾನು ಜನರಿಗೆ ಹೇಳಿ ಹೇಳಿ ಗಂಟಲು ಹರಿದುಕೊಂಡಿದ್ದೇನೆ. ಈಗ ನಾನೇ ಸಹಿ ಹಾಕಿ ಮಣ್ಣಿಗೆ ಕಳಿಸ್ಬೇಕಾ? ನಿನಗೆ ಹುಚ್ಚು ಮಾರಾಯ್ತಿ."

"ಮಣ್ಣಿಗೆ ತಾಗೂದಿಲ್ಲ. ತೆಳ್ಳಗಿನ ರಬ್ಬರ್ ಹಾಳೆ ಹಾಸ್ತೇನೆ. ಗಿಡ ಇರುವಲ್ಲೆಲ್ಲ ತೂತು ಮಾಡಿ, ಎಲೆ ಮಾತ್ರ ಮೇಲೆ ಬರುವ ಹಾಗೆ. ಹಾಳೆಯನ್ನು ಕುದಿಸಿಯೇ ತರ್ತೇನೆ. ಕಾಲನ್ನು ಮೇಲಿಂದ ಜೋತುಬಿಡಬೇಕು, ಭಾರ ಬೀಳಬಾರದು. ತಾಗಿಯೂ ತಾಗದ ಹಾಗೆ."

"ಮತ್ತೆ ಜ್ವರ? ಗೆರೆ?"

"ಅದಕ್ಕೆ ನೀವು ಬನ್ನಿ."

ಮಂಚದ ಮೇಲಿಂದ ಮೂಕಾಂಬು ಕೆಮ್ಮಿದಳು.

"ಕಾಲ್ ನಂದ್ ಅಲ್ದಾ? ಒಂದ್ ಮಾತ್ ನನ್ ಹತ್ರ ಕೇಣಿ."

"ಹೇಳಿ ಮೂಕಾಂಬಕ್ಕ," ಎಂದಳು ನಫೀಸಾ.

"ಆ ಗುಡ್ಡೆಗೆ ಕಾರ್ ಹೋತ್ತಾ?"

"ಹೋಗ್ತದೆ."

"ಹಂಗಾರೆ ಏಳಿ. ಇಲ್ಲಿ ನಿತ್ಕಂಡ್ ಜಗಳ ಮಾಡುದೆಂತಕ್?"

ಲೋಬೋ ಕೊನೆಗೆ ಒಪ್ಪಿದ್ದು ಒಂದು ಷರತ್ತಿನ ಮೇಲೆ. ಗೆರೆ ತಾವು ಹಾಕಿದ ಗುರುತನ್ನು ಒಂದು ಬೆರಳು ದಾಟಿದರೂ ಅದೇ ಕಾರಿನಲ್ಲಿ ವಾಪಸ್ಸು, ನೇರ ಆಪರೇಷನ್ ಕೋಣೆಗೆ. ಯಾರ ಮಾತನ್ನೂ ಕೇಳುವುದಿಲ್ಲ.

*

ಮರುದಿನ ಹಾಸುಗಲ್ಲಿನ ಮೇಲೆ ಬೆಳಗಿನ ಬಿಸಿಲು ಬಿದ್ದಿತ್ತು. ಕಲ್ಲಿನ ಗುಳಿಗಳಲ್ಲಿ ಇನ್ನೂ ನೀರು ಜಿನುಗುತ್ತಿತ್ತು, ನೇರಳೆ ಹೂಗಳು ಅದರ ಮೇಲೆ ಅಲುಗುತ್ತಿದ್ದವು. ನಡುನಡುವೆ ಡ್ರಾಸೆರಾ, ನೆಲಕ್ಕೆ ರಕ್ತ ಚಿಮುಕಿಸಿದ ಹಾಗೆ. ಪ್ರತಿ ಎಲೆಯ ಮೇಲೂ ಹನಿಗಳು ಮಿನುಗುತ್ತಿದ್ದವು. ಮೂಕಾಂಬುವನ್ನು ಇಬ್ಬರು ಆಳುಗಳು ಮಡಿಸುವ ಕುರ್ಚಿಯಲ್ಲಿ ಹೊತ್ತು ತಂದರು. ದಕ್ಕೆಯಿಂದ ಬಂದ ಅವರೇ ಮೂರು ಬಿದಿರು ಕಟ್ಟಿ, ಬಲೆಯ ತುಂಡಿನಿಂದ ಜೋಲಿ ಮಾಡಿದರು. ಕಾಲು ಅದರಲ್ಲಿ ತೂಗಿತು. ಹಗ್ಗ ಬಿಗಿ ಮಾಡಿ, ಸಡಿಲ ಮಾಡಿ, ಕೊನೆಗೆ ಹುಣ್ಣು ಎಲೆಗಳಿಗೆ ಸುಮ್ಮನೆ ಸವರುವಷ್ಟು ಇಳಿಸಿದರು.

ನಫೀಸಾ ಕಲ್ಲಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಭೂತಗನ್ನಡಿ ಹಿಡಿದಳು. ಕೂದಲುಗಳು ಒಂದೊಂದಾಗಿ ಬಾಗಿದವು.

"ತಿಂತಿದೆ," ಎಂದಳು.

"ತಿನ್ನಲಿ," ಎಂದಳು ಮೂಕಾಂಬು. "ಊಟ ಆಯ್ಲಿ ಅಂದ್ ಕಾಯುದೆ ಅಲ್ದಾ? ಸುಗಂಧಿ, ಕೊಡೆ ಸಮಾ ಹಿಡಿ. ನನ್ನ ಮುಖ ಬೇಯ್ತಿತ್ತ್."

"ಕೊಡೆ ಹಿಡ್ದ್ರೆ ಗಿಡಕ್ಕೆ ನೆರಳ್ ಬೀಳತ್ತ್ ಅತ್ತಿಗೆ."

"ಗಿಡದ ಮೇಲೆ ಇರೂ ಪ್ರೀತಿ ಎಲ್ಲಾ ಕಂಡಾಯ್ತಲೆ. ನನ್ನ ಮೇಲೂ ಚೂರ್ ಇರಲಿ."

ಸುಗಂಧಿ ಅಂದು ಮೊದಲ ಸಲ ನಕ್ಕಳು. ಕೂಡಲೇ ಅಳುವೂ ಬಂತು. ಕೊಡೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಮುಖ ಒರೆಸಿಕೊಂಡಳು.

ಲೋಬೋ ಕಾರಿನ ಬಾಗಿಲು ತೆರೆದಿಟ್ಟು ಒಳಗೆ ಕುಳಿತಿದ್ದರು. ಆಗಾಗ ಬಂದು ಗೆರೆ ನೋಡುತ್ತಿದ್ದರು. ಎಲೆಗಳು ತುಂಬಿಕೊಂಡು ಮುಚ್ಚಿದ ಮೇಲೆ ಆಳುಗಳು ಕಾಲನ್ನು ಎತ್ತಿ ಪಕ್ಕದ ಗಿಡಗಳ ಗುಂಪಿಗೆ ಸರಿಸುತ್ತಿದ್ದರು. ಹೊಸ ಹಾಳೆ, ಹೊಸ ತೂತುಗಳು. ಬಿಸಿಲು ಏರಿದಾಗ ಎಲ್ಲರೂ ಗುಡ್ಡ ಇಳಿದರು. ಗೆರೆ ಗುರುತಿನಲ್ಲೇ ಇತ್ತು. ಮೇಲೂ ಹೋಗಿರಲಿಲ್ಲ, ಕೆಳಗೂ ಬಂದಿರಲಿಲ್ಲ.

"ಒಂದು ದಿನ ಗಿಟ್ಟಿತು, ಅಷ್ಟೆ," ಎಂದರು ಲೋಬೋ.

ಮರುದಿನ ಸುದ್ದಿ ಊರೆಲ್ಲ ಹರಡಿತ್ತು. ಗುಡ್ಡದ ಬುಡದಲ್ಲಿ ಕಾರುಗಳು ನಿಂತಿದ್ದವು. ಕಾಲಿಗೆ ಬಟ್ಟೆ ಸುತ್ತಿಕೊಂಡವರು, ಅವರನ್ನು ಕರೆತಂದವರು, ಸುಮ್ಮನೆ ನೋಡಲು ಬಂದವರು. ದಪ್ಪಗಿನ ಒಬ್ಬ ಯಜಮಾನರು ಯಾರನ್ನೂ ಕೇಳದೆ ಕಟ್ಟು ಬಿಚ್ಚಿ ಪಾದವನ್ನು ನೇರವಾಗಿ ಗಿಡಗಳ ಮೇಲೆ ಊರಿದರು. ಅವರ ಹಿಂದಿನವರೂ ಚಪ್ಪಲಿ ಬಿಟ್ಟು ಮುಂದೆ ಬಂದರು. ಆಳುಗಳು ಜೋಲಿ ಬಿಟ್ಟು ಬರುವಂತಿರಲಿಲ್ಲ. ನಫೀಸಾ ಕೂಗಿದ್ದನ್ನು ಯಾರೂ ಕೇಳಲಿಲ್ಲ.

ಸುಗಂಧಿ ಕೊಡೆ ಮಡಿಚಿದಳು. ಅದನ್ನು ಕೋಲಿನ ಹಾಗೆ ಹಿಡಿದು ನಡೆದಳು.

"ಓಯ್, ಕಾಲ್ ಎತ್ತಿನಿ! ಎತ್ತಿನಿ ಅಂದೆ! ಮೆಟ್ಟಿ ಕೊಂದ್ ಗಿಡ ನಿಮ್ಗೆ ಎಂತ ಮದ್ದ್ ಮಾಡತ್ತ್?"

"ನಮ್ಮ ಕಾಲಿಗೆ ಯಾರು ಗತಿ?" ಎಂದರು ಯಜಮಾನರು. ಅವರ ಮಾತಿನಲ್ಲಿ ಜೋರಿರಲಿಲ್ಲ. ಹೆದರಿಕೆ ಇತ್ತು.

"ತಟ್ಟೆ ಬತ್ತ್. ನಾನೇ ನಿಮ್ಮನೆಗೆ ಬಂದ್ ಕೊಡ್ತೆ. ಮೀನ್ ನೀರ್ ಹಾಕುಕಾಗ ಅಂದ್ ನಾನೇ ಹೇಳಿಕೊಡ್ತೆ. ಈಗ ಹಿಂದೆ ಹೋಯ್ನಿ."

ಅವಳಿಗೆ ಹಾಗೆ ಹೇಳುವ ಅಧಿಕಾರವನ್ನು ಯಾರೂ ಕೊಟ್ಟಿರಲಿಲ್ಲ. ಆದರೂ ಜನ ಹಿಂದೆ ಹೋದರು. ಮೀನು ಮಾರ್ಕೆಟ್ಟಿನಲ್ಲಿ ಬೆಳೆದ ಗಂಟಲಿಗೆ ಎದುರಾಡಲು ಅವರಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ನಫೀಸಾ ಮಾತ್ರ ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು. ಅಂದೇ ಪ್ರಯೋಗಾಲಯಕ್ಕೆ ಹೋಗಿ, ಹೊಸ ತಟ್ಟೆಗಳಿಗಾಗಿ ಗಾಜಿನ ಸೀಸೆಗಳ ಗೊಬ್ಬರ ನಿಲ್ಲಿಸಲು ಅಲ್ಲಿನವರಿಗೆ ಹೇಳಿದಳು.

*

ಆ ಸಂಜೆ ಆಸ್ಪತ್ರೆಯಲ್ಲಿ ಜ್ವರ ಇಳಿಯಿತು. ಬೆಳಿಗ್ಗೆ ಕೆಂಪು ಗೆರೆ ಮಸುಕಾಗಿ ಕಣಕಾಲಿನವರೆಗೆ ಜಾರಿತ್ತು. ಲೋಬೋ ತಾವು ಪೆನ್ನಿನಿಂದ ಹಾಕಿದ್ದ ಗುರುತನ್ನು ಸ್ಪಿರಿಟ್ ಹಚ್ಚಿ ಒರೆಸಿದರು.

ಮತ್ತೆ ಕೆಲವು ಬೆಳಗು ಹೀಗೇ ಕಳೆದವು. ಮೂಕಾಂಬು ಗುಡ್ಡದ ಮೇಲಿಂದಲೇ ಫೋನಿನಲ್ಲಿ ವ್ಯಾಪಾರ ನಡೆಸಿದಳು. "ಬೈಗೆ ಮೀನ್ ಕೊಳ್ದ್ ಹೋಯ್ತಾ? ನನ್ನ ಹತ್ರ ಕಳ್ಸ್, ಇಲ್ಲಿ ತಿಂಬರ್ ಇದ್ದೊ" ಎಂದು ಯಾರಿಗೋ ಹೇಳಿ ತಾನೇ ನಕ್ಕಳು.

ಒಂದು ಬೆಳಿಗ್ಗೆ ನಫೀಸಾ ಎಂದಿನಂತೆ ಹೊಟ್ಟೆ ಅಡಿಯಾಗಿ ಮಲಗಿ ಭೂತಗನ್ನಡಿ ಹಿಡಿದಳು. ಜೋಲಿ ಇಳಿಯಿತು. ಹುಣ್ಣು ಎಲೆಗಳಿಗೆ ತಾಗಿತು. ಅವಳು ಕಾದಳು. ಕೂದಲುಗಳು ನೆಟ್ಟಗೆ ನಿಂತೇ ಇದ್ದವು. ಒಂದೂ ಬಾಗಲಿಲ್ಲ.

ಸುಗಂಧಿ ಪಕ್ಕದಲ್ಲಿ ಬಗ್ಗಿದಳು.

"ಎಂತ ಆಯ್ತ್ ಮೇಡಂ?"

"ಬಾಗ್ತಾ ಇಲ್ಲ."

ಸುಗಂಧಿಯ ಕೈಯಿಂದ ಕೊಡೆ ಜಾರಿತು. "ನಾನ್ ಎಂತದೂ ಹಾಕ್ಲಿಲ್ಲೆ. ದೇವ್ರಾಣೆ. ಇಲ್ಲಿಗೆ ನೀರ್ ತರ್ಲೇ ಇಲ್ಲೆ."

"ಸುಮ್ಮನಿರಿ."

ನಫೀಸಾ ಕಾಲನ್ನು ಪಕ್ಕದ ಗುಂಪಿಗೆ ಸರಿಸಿದಳು. ಅಲ್ಲೂ ಹಾಗೆಯೇ. ಎಲೆಗಳ ಮೇಲೆ ಹನಿ ತುಂಬಿತ್ತು, ಬಣ್ಣ ಕಡುಗೆಂಪಾಗಿತ್ತು, ಗಿಡಕ್ಕೆ ಏನೂ ಆಗಿರಲಿಲ್ಲ. ಅವಳು ಸುತ್ತ ಹುಡುಕಿದಳು. ಕಲ್ಲಿನ ಸಂದಿಯಲ್ಲಿ ಸತ್ತ ಇರುವೆಯೊಂದು ಸಿಕ್ಕಿತು. ಚಿಮಟದಿಂದ ಅದನ್ನು ಎತ್ತಿ, ಮೂಕಾಂಬುವಿನ ಹುಣ್ಣಿನ ಪಕ್ಕದಲ್ಲೇ, ಅದೇ ಎಲೆಯ ಮೇಲೆ ಇಟ್ಟಳು.

ಇರುವೆಯ ಸುತ್ತಲಿನ ಕೂದಲುಗಳು ಅಲುಗಿದವು. ಒಂದು ಬಾಗಿತು, ಇನ್ನೊಂದು ಬಾಗಿತು, ಉಳಿದವೂ ಬಾಗಿ ಇರುವೆಯನ್ನು ಒತ್ತಿಹಿಡಿದವು. ಕೂದಲೆಳೆಯಷ್ಟು ಪಕ್ಕದಲ್ಲಿದ್ದ ಮೂಕಾಂಬುವಿನ ಮಾಂಸವನ್ನು ಅವು ಮುಟ್ಟಲಿಲ್ಲ.

ನಫೀಸಾ ಎದ್ದು ಕುಳಿತಳು. ಮೊಣಕೈಗೆ ಅಂಟಿದ ಕೆಸರನ್ನು ಒರೆಸಿಕೊಳ್ಳಲೂ ಹೋಗಲಿಲ್ಲ.

"ಗಿಡಕ್ಕೆ ಹಸಿವಿದೆ," ಎಂದಳು. "ಕಾಲಿನಲ್ಲಿ ತಿನ್ನುವಂಥದ್ದು ಏನೂ ಉಳಿದಿಲ್ಲ. ಎಲ್ಲ ಜೀವ ಇರೋದೇ."

"ಅಂದ್ರೆ?" ಎಂದಳು ಸುಗಂಧಿ.

"ಅಂದ್ರೆ ನಿನ್ನ ಅತ್ತಿಗೆ ಇನ್ನ್ ಯಾರಿಗೂ ರುಚಿ ಇಲ್ಲೆ," ಎಂದಳು ಮೂಕಾಂಬು. ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದಿದ್ದಳು. ಆಮೇಲೆ ಕೈ ಸಡಿಲಿಸಿ, "ಕಾರಿನ ಡಾಕ್ಟ್ರಿಗೆ ಹೇಳಿನಿ. ಅವ್ರ್ ಕತ್ತಿ ಮಸ್ಕಂಡ್ ಕೂತಿರ್," ಎಂದಳು.

ಲೋಬೋ ಬಂದರು. ಭೂತಗನ್ನಡಿಯಲ್ಲಿ ನೋಡಿದರು. ಕಾಲನ್ನು ಜೋಲಿಯಿಂದ ಬಿಡಿಸಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಅಂಗಾಲನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಬಿಳಿಯಾದ ಜಾಗ ಕೂಡಲೇ ಕೆಂಪಾಯಿತು. ಮತ್ತೊಮ್ಮೆ ಒತ್ತಿದರು. ಮತ್ತೆ ಕೆಂಪಾಯಿತು.

"ರಕ್ತ ಓಡ್ತಾ ಇದೆ," ಎಂದರು. "ಬೆರಳೆರಡರ ಎಲುಬು ಸತ್ತಿದೆ, ಅದನ್ನು ಗಿಡ ತಿನ್ನೂದಿಲ್ಲ. ನಾಡಿದ್ದು ತೆಗೆದು ಹೊಲಿಗೆ ಹಾಕ್ತೇನೆ. ಕಾಲಿಗೆ ನಾನು ಕೈ ಹಚ್ಚೂದಿಲ್ಲ."

ಕೆಳಗಿಳಿಯುವಾಗ ಕಾರಿನಲ್ಲಿ ಸುಗಂಧಿ ಅತ್ತಿಗೆಯ ಭುಜಕ್ಕೆ ಒರಗಿ ನಿದ್ದೆಹೋದಳು. ಬಾಯಿ ತೆರೆದು ಗೊರಕೆ ಹೊಡೆದಳು. ಮೂಕಾಂಬು ಅವಳನ್ನು ಎಬ್ಬಿಸಲಿಲ್ಲ.

ಮೂಕಾಂಬು ದಕ್ಕೆಗೆ ಮರಳಿದ್ದು ಜನವರಿಯಲ್ಲಿ. ಲೋಬೋ ಬರೆದುಕೊಟ್ಟ ದಪ್ಪ ಅಡಿಯ ಬೂಟು ಹಾಕಿಕೊಂಡು, ಅದನ್ನು ಹೊಲಿದವನಿಗೆ ಬೈಯುತ್ತಾ ಬಂದಳು. ಜಾರಲಿಲ್ಲ. ಸುಗಂಧಿ ಈಗ ಮೀನು ಮಾರುವುದಿಲ್ಲ. ಪ್ರಯೋಗಾಲಯದ ತಟ್ಟೆಗಳನ್ನು ಮನೆಮನೆಗೆ ಕೊಟ್ಟು, ಅದಕ್ಕೆ ಏನೇನು ಹಾಕಬಾರದೆಂದು ಜೋರಾಗಿ ಹೇಳಿಕೊಡುತ್ತಾಳೆ. ಮೊದಲ ತಟ್ಟೆ ಆ ದಪ್ಪ ಯಜಮಾನರಿಗೆ ಹೋಯಿತು.

ಬೇಸಿಗೆಗೆ ಮುಂಚೆ, ಡ್ರಾಸೆರಾ ಬೀಜ ಉದುರಿಸಿ ಒಣಗುವ ಹೊತ್ತಿಗೆ, ನಫೀಸಾ ಹಾಸುಗಲ್ಲಿಗೆ ಹೋದಳು. ಜೋಲಿ ಕಟ್ಟಿದ ಜಾಗದಲ್ಲಿಯೂ ಜನ ಮೆಟ್ಟಿದ ಜಾಗದಲ್ಲಿಯೂ ಮಂಡಿಯೂರಿ ಒಂದೊಂದೇ ಗಿಡ ನೋಡಿದಳು. ಹೆಚ್ಚಿನವು ಹೂ ಬಿಟ್ಟು, ಬೀಜ ಉದುರಿಸಿದ್ದವು. ಬೀಜ ಕಟ್ಟುವ ಮೊದಲೇ ಕರಿದಾದವುಗಳನ್ನು ಮಾತ್ರ ಎಣಿಸಿದಳು.

ಹೋದದ್ದು ನೂರ ಹದಿನಾಲ್ಕು ಗಿಡ, ಎರಡು ಬೆರಳು.